ಎತ್ತಿ ನಿಲ್ಲಿಸಿದ ಕೈ

ನನ್ನ ಕೈ ಮೊದಲಿನಿಂದಲೂ ನಾಲಿಗೆಗಿಂತ ಚುರುಕು. ತೊಂಬತ್ತರ ದಶಕದ ಕೊನೆಯಲ್ಲಿ ಅದು ಹೆಚ್ಚಾಗಿ ಬಿದ್ದದ್ದು ತಂಗಿಯ ಕೆನ್ನೆಯ ಮೇಲೆ. ಅವಳು ಆಗಾಗ ನಿಂತಲ್ಲೇ ಎಚ್ಚರ ತಪ್ಪಿ ಕುಸಿಯುತ್ತಿದ್ದಳು. ನಾನು ರಟ್ಟೆ ಹಿಡಿದು ಎತ್ತಿ, ಗೋಡೆಗೆ ಒತ್ತಿ ನಿಲ್ಲಿಸಿ, ಎಚ್ಚರವಾಗುವವರೆಗೆ ಬಾರಿಸುತ್ತಿದ್ದೆ. ಮಲಗಲು ಬಿಟ್ಟರೆ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. ಹಾಗೆ ನಿಲ್ಲಿಸಿದಾಗ ಅವಳ ಕೈಕಾಲು ಅದುರಿ ಕಣ್ಣು ಮೇಲಾಗುತ್ತಿತ್ತು. ಮೂರ್ಛೆರೋಗವೆಂದು ನಾವೇ ತೀರ್ಮಾನಿಸಿದೆವು. ಅಮ್ಮ ಅವಳ ಮುಷ್ಟಿಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದಳು.

ಒಂದು ಗುಡ್ ಫ್ರೈಡೇ ಮಧ್ಯಾಹ್ನ ಚರ್ಚಿನಲ್ಲಿ ಯೇಸುವಿನ ಪಾಡುಗಳ ವಾಚನ ನಡೆದಿತ್ತು. ಆ ಉದ್ದದ ವಾಚನವನ್ನು ನಿಂತೇ ಕೇಳಬೇಕು. ಬೆಳಗಿನಿಂದ ಉಪವಾಸವಿದ್ದ ತಂಗಿ ಅರ್ಧದಲ್ಲೇ ಕುಸಿದಳು. ಅವಳು ಪಾಠ ಹೇಳುತ್ತಿದ್ದ ಶಾಲೆಯ ಹೆಡ್‌ಮಿಸ್ಸು ಹಿಂದಿನ ಸಾಲಿನಲ್ಲಿದ್ದರು. ನನಗೆ ಮಾನ ಹೋದಂತಾಗಿ ಮೈಯೆಲ್ಲ ಉರಿಯಿತು. ತಂಗಿಯನ್ನು ದರದರನೆ ಹೊರಗೆ ಎಳೆದು ತಂದು, ಕಂಬಕ್ಕೆ ಒರಗಿಸಿ ಹೊಡೆದೆ. ಮೂರನೆಯ ಏಟಿಗೆ ಮುಂದಿನ ಹಲ್ಲು ಮುರಿದು ಬಿಳಿ ಸೀರೆಯ ಮೇಲೆಲ್ಲ ರಕ್ತವಾಯಿತು.

"ಫಿಟ್ಸ್ ಬರೋರ ಕೈಗೆ ಮಕ್ಕಳನ್ನ ಎಂಗೆ ಕೊಡ್ಲಿ? ಕಾಯಿಲೆ ಇಲ್ಲ ಅಂತ ಬರೆಸ್ಕೊಂಡು ಬಂದ್ರೆ ಕೆಲ್ಸ, ಇಲ್ದಿದ್ರೆ ಬುಟ್ಬುಡಿ," ಎಂದರು ಹೆಡ್‌ಮಿಸ್ಸು. ತಂಗಿಗೆ ತನ್ನದು ಎಂದು ಇದ್ದದ್ದು ಆ ಕೆಲಸವೊಂದೇ.

ಕಾಗದ ಬರೆಸಲು ಹೋದ ಆಸ್ಪತ್ರೆಯಲ್ಲಿ ನಮ್ಮನ್ನು ಹೃದಯದ ಡಾಕ್ಟರ ಬಳಿ ಕಳಿಸಿದರು. ಅವರು ತಂಗಿಯನ್ನು ಒಂದು ಮೇಜಿಗೆ ಪಟ್ಟಿಗಳಿಂದ ಬಿಗಿದು, ತಲೆ ಮೇಲಾಗುವಂತೆ ಮೇಜನ್ನೇ ಓರೆಯಾಗಿ ಎತ್ತಿದರು. ಬಿಪಿ, ನಾಡಿ ನೋಡುತ್ತ ಕಾದರು. ಅರ್ಧ ಗಂಟೆಯಾಗುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು, ಕತ್ತು ವಾಲಿತು, ಕೈ ಅದುರಿತು. ನಾನು ಅಭ್ಯಾಸಬಲದಿಂದ ನುಗ್ಗಿದೆ. ಡಾಕ್ಟರು ನನ್ನ ಮಣಿಕಟ್ಟು ಹಿಡಿದು ತಳ್ಳಿ, ಮೇಜನ್ನು ಮಟ್ಟಸ ಮಾಡಿದರು. ಸ್ವಲ್ಪ ಹೊತ್ತಿಗೆ ಅವಳು ತಾನೇ ಕಣ್ಣು ಬಿಟ್ಟಳು.

"ಇದು ಮೂರ್ಛೆರೋಗ ಅಲ್ಲ ಕಣ್ರೀ. ನಿಂತಾಗ ಬಿಪಿ, ನಾಡಿ ಎರಡೂ ಬೀಳುತ್ತೆ, ಮೆದುಳಿಗೆ ರಕ್ತ ಸಾಲಲ್ಲ. ಮಲಗಿಸಿದ್ರೆ ಸಾಕು. ನೀವು ಎತ್ತಿ ನಿಲ್ಲಿಸ್ತಿದ್ರಲ್ಲ, ಅದಕ್ಕೇ ಅಷ್ಟು ಅದುರ್ತಿದ್ದದ್ದು."

ನನಗೆ ನೆಲ ನೋಡುವುದಕ್ಕೂ ನಾಚಿಕೆಯಾಯಿತು.

ಡಾಕ್ಟರು ಬರೆದುಕೊಟ್ಟ ಕಾಗದ ಹಿಡಿದು ತಂಗಿ ಕಾರಿಡಾರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಕೆಲಸ ಉಳಿದಿತ್ತು. ತಲೆ ಸವರೋಣವೆಂದು ನಾನು ಕೈ ಎತ್ತಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಗೆ ಸರಿದಳು.

"ಎಚ್ಚರವಾಗೇ ಇದೀನಿ ಕಣೋ," ಎಂದಳು. "ಹೊಡೀಬೇಡ."