ಎಲೆ ಮಡಿಸಿ ಕೊಡುತ್ತಿದ್ದ ಮೇಡಂ

ಮನಸ್ಸು ಕುಗ್ಗಿದವರಿಗೆ ನೆರವಾಗುವ ಸಂಸ್ಥೆಯೊಂದರ ಮೇಡಂ ದಾವಣಗೆರೆಯಿಂದ ಹರಿಹರದ ನಮ್ಮ ಮನೆಗೆ ಸ್ಕೂಟಿಯಲ್ಲಿ ಬರುತ್ತಿದ್ದರು. ನನ್ನ ಮೊಮ್ಮಗಳು ಕಾಲೇಜು ಬಿಟ್ಟು, ಮಾತೂ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಕಾಲವದು.

ಮೇಡಂ ಅವಳ ಪಕ್ಕ ನೆಲದ ಮೇಲೇ ಕೂತು, "ಊಟ ಆತೇನವ್ವಾ?" ಎಂದು ಕೇಳಿ ಸುಮ್ಮನೆ ಕಾಯುತ್ತಿದ್ದರು. ನನಗೆಲ್ಲಿ ತಡೆಯುತ್ತದೆ? "ಎಲ್ಲಿ ಊಟ ಬಿಡ್ರಿ, ಎರಡು ತುತ್ತು ತಿಂದ್ಳು" ಎಂದು ನಾನೇ ಹೇಳಿಬಿಡುತ್ತಿದ್ದೆ. ನಿದ್ದೆಯ ವಿಷಯ ಕೇಳಿದರೂ ಉತ್ತರ ನನ್ನದೇ.

ಒಂದು ದಿನ ಮೇಡಂ ನನ್ನ ಎಲೆ-ಅಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ದಪ್ಪಗೆ ಮಡಿಸಿ ಕೊಟ್ಟು, "ಮೊದ್ಲು ಎಲಿ ಹಾಕ್ಕಳ್ರಿ ಅಜ್ಜಿ" ಎಂದರು. ಅಂದಿನಿಂದ ಬಂದಾಗಲೆಲ್ಲ ಅದೇ ಮಾತು. ನನ್ನ ಬಾಯಿ ತುಂಬಿದ ಮೇಲೆಯೇ ಅವರು ಮೊಮ್ಮಗಳನ್ನು ಮಾತಾಡಿಸುತ್ತಿದ್ದರು.

ಒಂದು ಮಧ್ಯಾಹ್ನ, "ಇವತ್ತೇನು ತಿಂದ್ಯವ್ವಾ?" ಎಂದರು. ನಾನು ಉಗುಳಿ ಬಂದು ಹೇಳೋಣವೆಂದು ಎದ್ದೆ. ಮೇಡಂ ಕೈ ಹಿಡಿದು ಕೂರಿಸಿದರು. ಆಗ ಗೋಡೆ ಕಡೆಯಿಂದ ಸಣ್ಣ ದನಿ ಬಂತು:

"ಮಂಡಕ್ಕಿ. ಅಜ್ಜಿ ಖಾರ ಭಾಳ ಹಾಕಿದ್ಲು."

"ಹೌದಾ? ಅಜ್ಜಿ ಮ್ಯಾಲೆ ಇನ್ನೇನು ದೂರು ಐತವ್ವಾ, ಹೇಳು" ಎಂದು ಮೇಡಂ ನಕ್ಕರು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ.

ಈಗ ಮೊಮ್ಮಗಳು ಮತ್ತೆ ಕಾಲೇಜಿಗೆ ಹೋಗುತ್ತಾಳೆ. ನನ್ನ ಸಂತೋಷಕ್ಕೆ ಈ ಮನೆ ಸಾಲುತ್ತಿಲ್ಲ! ಸಂಜೆ ಬಂದವಳೇ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ದಪ್ಪಗೆ ಮಡಿಸಿ ಕೊಡುತ್ತಾಳೆ.

"ಮೊದ್ಲು ಎಲಿ ಹಾಕ್ಕ ಅಜ್ಜಿ. ಹೇಳೋದು ಭಾಳ ಐತೆ."