ಎಡಗಡೆಯ ಸಾಸಿವೆ ದಿಂಬು

ಹೆರಿಗೆಗೆಂದು ಬನಶಂಕರಿಯ ನಮ್ಮ ಮನೆಗೆ ಬಂದಿರುವ ಮಗಳು ಮೊನ್ನೆ, "ಅಮ್ಮ, ನಂದೊಂದು ಸಾಸಿವೆ ದಿಂಬಿತ್ತಲ್ಲ, ಎಲ್ಲಿಟ್ಟಿದೀಯ?" ಎಂದಳು. ಎಳೆಮಗುವಿನ ತಲೆ ದುಂಡಗಾಗಲೆಂದು ಸಾಸಿವೆ ತುಂಬಿ ಹೊಲಿಯುವ ಅಂಥ ಪುಟ್ಟ ದಿಂಬು ನಿಮ್ಮ ಮನೆಯಲ್ಲೂ ಇದ್ದೀತು. "ಅಟ್ಟದ ಮೇಲೆಲ್ಲೋ ಇರ್ಬೇಕು" ಎಂದುಬಿಟ್ಟೆ. ಸುಳ್ಳು. ಅದು ಹದಿನೈದು ವರ್ಷಗಳಿಂದ ನನ್ನ ರವಿಕೆಯೊಳಗೆ, ಎಡ ಸ್ತನವಿದ್ದ ಜಾಗದಲ್ಲಿದೆ.

ಈಗ್ಗೆ ಹದಿನೇಳು ವರ್ಷದ ಹಿಂದೆ, ಎಪ್ಪತ್ತರ ದಶಕದ ಮೊದಲಲ್ಲಿ, ಅವಳಿಗೆ ನಾಲ್ಕು ತುಂಬಿದಾಗ, ಗಡ್ಡೆಯೆಂದು ಸ್ತನವನ್ನೇ ತೆಗೆದರು. ನೋಡಲು ಬಂದವರೆಲ್ಲ "ಜೀವ ಉಳೀತಲ್ಲ ಬಿಡಿ" ಎಂದು ಕಾಫಿ ಕುಡಿದು ಹೋದರು. ಉಳಿದ ಜೀವ ಉರಿಯುತ್ತಿತ್ತು ಎಂದು ಯಾರಿಗೆ ಹೇಳಲಿ? ಗಾಯ ಮಾಗಿ ವರ್ಷವಾದರೂ ಕಂಕುಳಿನಿಂದ ಎದೆಯವರೆಗೆ ಕಾದ ಕಾವಲಿ ಇಟ್ಟಂತಿತ್ತು. ಸೆರಗು ಸೋಕಿದರೂ ಪ್ರಾಣ ಹೋಗುತ್ತಿತ್ತು. ಅತ್ತೆ, "ಒಂದ್ ಕಡೆ ಬೋಳಾಗಿ ಕಾಣ್ಬಾರ್ದು ಕಣಮ್ಮ" ಎಂದು ಮಗಳ ಹಳೆಯ ದಿಂಬನ್ನೇ ಮಡಿಚಿ ಹೊಲಿದುಕೊಟ್ಟಿದ್ದರು. ಅದರ ಭಾರ ತಾಳಲಾರದೆ ಪೆಟ್ಟಿಗೆಯಲ್ಲಿಟ್ಟೆ.

ಒಂದು ಸಂಜೆ ಮಗಳು ಓಡಿಬಂದು ಎದೆಗೆ ತಲೆಯಿಟ್ಟಳು. ಕಿರುಚಿ ದೂಡಿದೆ. ಬಾಗಿಲ ಅಂಚಿಗೆ ಬಡಿದು ಹಣೆ ಒಡೆಯಿತು. ಅಂದಿನಿಂದ ಅವಳು ನನ್ನಿಂದ ಒಂದು ಮಾರು ದೂರ ನಿಲ್ಲುವುದನ್ನು ಕಲಿತಳು. ನೋವು ಮೈಯ ಕಾವಲುಗಾರನೆಂದು ತಿಳಿದವರು ಹೇಳುತ್ತಾರೆ. ನನ್ನ ಕಾವಲುಗಾರನಿಗೆ ಕಳ್ಳ ಯಾರು, ಮನೆಮಗಳು ಯಾರು ಎಂಬುದೇ ಮರೆತುಹೋಗಿತ್ತು.

ಎರಡು ವರ್ಷ ಉರಿದ ಮೇಲೆ ಜಯನಗರದ ಡಾಕ್ಟರೊಬ್ಬರು, "ಉರಿ ತರೋ ಆ ನರ ಕತ್ತರಿಸಿ ನೋಡ್ಬಹುದು. ವೈರ್ ಕಟ್ ಮಾಡಿದ್ರೆ ಷಾಕ್ ಹೊಡೆಯಲ್ಲ ನಿಜ, ದೀಪಾನೂ ಹತ್ತಲ್ಲ. ಯೋಚ್ನೆ ಮಾಡಿ ಅಮ್ಮ" ಎಂದರು. ಯೋಚಿಸುವುದೇನಿತ್ತು? ಮಗಳು ಹತ್ತಿರ ಬಂದರೆ ಸಾಕಿತ್ತು ನನಗೆ.

ಉರಿ ಹೋಯಿತು. ದಿಂಬು ರವಿಕೆ ಸೇರಿತು. ಮಗಳು ಮಾತ್ರ ಬರಲಿಲ್ಲ. ಕರೆದರೆ, "ನಿಂಗೆ ನೋವಾಗುತ್ತೆ" ಎನ್ನುತ್ತಿದ್ದಳು. ಎಷ್ಟೋ ತಿಂಗಳ ನಂತರ ಒಂದು ಮಧ್ಯಾಹ್ನ, ಜ್ವರ ಬಂದಿದ್ದ ಅವಳ ಪಕ್ಕದಲ್ಲಿ ಕುಳಿತು ರೇಡಿಯೋ ಕೇಳುತ್ತಿದ್ದಾಗ, ರವಿಕೆಯೊಳಗೆ ಸಾಸಿವೆ ಸರಸರ ಎಂದಿತು. ಬಗ್ಗಿ ನೋಡಿದೆ. ಅವಳ ತಲೆ ಅಲ್ಲಿತ್ತು. ಸುಡುವ ಆ ಹಣೆಯ ಬಿಸಿ ನನಗೆ ಒಂದಿಷ್ಟೂ ತಿಳಿದಿರಲಿಲ್ಲ.

"ನಾನು ಮಲಗಿರೋದು ಗೊತ್ತಾಗುತ್ತಾ ಅಮ್ಮ?"

"ಗೊತ್ತಾಗುತ್ತೆ ಕಂದ" ಎಂದೆ. ಆಮೇಲೆ ವರ್ಷಕ್ಕೊಮ್ಮೆ ಸಾಸಿವೆ ಬದಲಾಯಿಸುತ್ತ, ಆ ಸದ್ದನ್ನೇ ನಂಬಿ ಆ ಸುಳ್ಳನ್ನು ಸಾಕಿಕೊಂಡು ಬಂದೆ.

ಇವತ್ತು ದಿಂಬನ್ನು ಹೊರತೆಗೆದು, ಮಡಿಕೆಗೆ ಅತ್ತೆ ಹಾಕಿದ್ದ ಹೊಲಿಗೆ ಬಿಚ್ಚಿ, ಅವಳ ಮಡಿಲಲ್ಲಿಟ್ಟೆ. ಅದು ಎಲ್ಲಿತ್ತೆಂದು ಹೇಳಿದೆ. ಅವಳು ಕೈ ಚಾಚಿ ನನ್ನ ಬರಿದಾದ ಎಡಗಡೆಯ ಮೇಲಿಟ್ಟಳು. ಈ ಸಲ ಸದ್ದು ಮಾಡಲು ಅಲ್ಲಿ ಏನೂ ಇರಲಿಲ್ಲ. ಅವಳ ಕೈ ಅಲ್ಲಿದೆಯೆಂದು ಕಣ್ಣಿಂದ ನೋಡಿಯೇ ತಿಳಿದೆ.

"ಗೊತ್ತಾಗುತ್ತಾ ಅಮ್ಮ?"

"ಇಲ್ಲ ಕಣೇ" ಎಂದೆ. "ಆವತ್ತೂ ಗೊತ್ತಾಗಿರಲಿಲ್ಲ."

ಅವಳು ಕೈ ತೆಗೆಯಲಿಲ್ಲ.