ಪಾಸ್‌ಪೋರ್ಟಿಗೆ ಹಚ್ಚಿದ ವಿಭೂತಿ

ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನಿಗೆ ಪಿಂಚಣಿಯ ಜೊತೆಗೆ ಒಂದು ಕಾಯಿಲೆಯೂ ಮಂಜೂರಾಗುತ್ತದೆ. ಊರಿನಲ್ಲಿ ಯಾರು ಯಾವ ಅರ್ಜಿ ತುಂಬಿದರೂ ತಾನು ಒಮ್ಮೆ ಕಣ್ಣಾಡಿಸದೆ ಅದು ಊರ್ಜಿತವಾಗದು ಎಂಬ ನಂಬಿಕೆ. ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆಯ ನಮ್ಮ ಬೀದಿಯವರ ಖಾತೆ ಬದಲಾವಣೆ, ಆಧಾರ್ ತಿದ್ದುಪಡಿ, ಗ್ಯಾಸ್ ಸಂಪರ್ಕ ಎಲ್ಲದರ ವಿಚಾರಣೆಯೂ ನನ್ನ ಮನೆಯ ಜಗಲಿಯಲ್ಲೇ ನಡೆಯುತ್ತಿತ್ತು. ಯಾರೂ ಬಾರದ ದಿನ ನಾನೇ ಅವರ ಮನೆಗೆ ಹೋಗಿ ವಿಚಾರಿಸುತ್ತಿದ್ದೆ. ಹೀಗಿರುವಾಗ ಭದ್ರಾವತಿಯ ನ್ಯೂ ಟೌನಿನಲ್ಲಿರುವ ನನ್ನ ತಂಗಿ ಶ್ರೀಲಂಕಾಕ್ಕೆ ಹೋಗಬೇಕು ಎಂದರೆ, ಆ ದೇಶದ ಪ್ರವೇಶ ನಿಯಮಗಳನ್ನು ವ್ಯಾಖ್ಯಾನಿಸುವ ಭಾರ ಇನ್ಯಾರ ಹೆಗಲಿಗೆ ಬರಬೇಕು?

ತಂಗಿಗೆ ಅಲ್ಲಿ ಕೆಲಸವಿದ್ದದ್ದು ಗೆಳತಿಯ ಮನೆಯಲ್ಲಿ. ನಮ್ಮ ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಒಂದು ತಮಿಳು ಕುಟುಂಬವಿತ್ತು. ಆ ಮನೆಯ ಹುಡುಗಿ ಮತ್ತು ನನ್ನ ತಂಗಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಹುಡುಗಿಯನ್ನು ಕೊಲಂಬೊದ ವ್ಯಾಪಾರಸ್ಥರ ಮನೆಗೆ ಕೊಟ್ಟರು. ಕ್ವಾರ್ಟರ್ಸಿನ ಮುಂದೆಯೇ ಚಪ್ಪರ ಹಾಕಿ ಮದುವೆಯಾಯಿತು. ತಾಳಿ ಕಟ್ಟುವಾಗ ಮದುಮಗಳ ಜಡೆಯನ್ನು ಎತ್ತಿ ಹಿಡಿದು ನಿಂತವಳು ನನ್ನ ತಂಗಿ. ಅಷ್ಟು ವರ್ಷಗಳ ಮೇಲೆ ಈಗ ಆ ಗೆಳತಿಯ ಗಂಡನಿಗೆ ಅರವತ್ತರ ಶಾಂತಿ. ಅದರಲ್ಲಿ ಗಂಡ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವ ಪದ್ಧತಿಯುಂಟು. ಗೆಳತಿಗೆ ಮೊಣಕಾಲಿನ ಆಪರೇಷನ್ ಆಗಿ ಇನ್ನು ಇಂಡಿಯಾದ ಕಡೆ ಬರುವ ಮಾತೇ ಇರಲಿಲ್ಲ. ವಿಡಿಯೊ ಕಾಲ್ ಮಾಡಿ ಹೇಳಿದಳಂತೆ: “ಜಡೆ ಈಗ ಇಲಿ ಬಾಲದಷ್ಟು ಉಳಿದಿದೆ ಕಣೇ. ಆದ್ರೂ ಹಿಡಿಯೋಕೆ ನೀನೇ ಬರ್ಬೇಕು. ಬೇರೆಯೋರು ಮುಟ್ಟಿದ್ರೆ ಉದುರಿ ಹೋಗತ್ತೆ.”

ಗಂಡ ತೀರಿಕೊಂಡ ಮೇಲೆ ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬರುತ್ತಿದ್ದ ನನ್ನ ತಂಗಿಯನ್ನು ಯಾರಾದರೂ ಮುಂದೆ ಬಂದು ನಿಲ್ಲು ಎಂದು ಕರೆದದ್ದು ಅದೇ ಮೊದಲು. ಅವಳು ಹೊಸ ಚಪ್ಪಲಿ ತೆಗೆದುಕೊಂಡಳು.

ನಾನು ಅಲ್ಲಿನ ನಿಯಮಗಳನ್ನು ಮೊಬೈಲಿನಲ್ಲಿ ತೆಗೆದು, ಕನ್ನಡಕ ಒರೆಸಿಕೊಂಡು, ಹೆಂಡತಿ ಮತ್ತು ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಪಾರಾಯಣ ಮಾಡಿದೆ. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಅನುಮತಿ ಪಡೆಯತಕ್ಕದ್ದು. ಅಲ್ಲಿ ಇಳಿದ ದಿನದಿಂದ ಆರು ತಿಂಗಳು ಪಾಸ್‌ಪೋರ್ಟಿಗೆ ಜೀವ ಇರತಕ್ಕದ್ದು. ವಾಪಸ್ ಟಿಕೆಟ್ ಕೈಯಲ್ಲಿರತಕ್ಕದ್ದು. ಉಳಿಯುವ ವಿಳಾಸ ತಿಳಿಸತಕ್ಕದ್ದು.

“ಮತ್ತೆ, ಹಳದಿ ಜ್ವರ ಇರೋ ದೇಶದಿಂದ ಬರೋರು ಲಸಿಕೆ ಹಾಕಿಸ್ಕೊಂಡಿರಬೇಕಂತೆ” ಎಂದೆ.

“ಭದ್ರಾವತೀಲಿ ಇರೋದು ಮಾಮೂಲಿ ಜ್ವರ ಅಣ್ಣ. ಬಣ್ಣ ನಾವ್ಯಾರೂ ನೋಡಿಲ್ಲ.”

“ತಮಾಷೆ ಅಲ್ಲ. ಪರದೇಶದ ವಿಚಾರ.”

“ಅಯ್ಯೋ ಮಾರಾಯ, ನಾನು ಜಡೆ ಹಿಡಿಯೋಕೆ ಹೋಗ್ತಿರೋದು. ಅಲ್ಲಿ ರಾಜ್ಯಭಾರ ಮಾಡೋಕಲ್ಲ.”

ತಂಗಿಗೆ ಪಾಸ್‌ಪೋರ್ಟ್ ಇರಲಿಲ್ಲ. ಮಾಡಿಸಲು ನಾನೇ ಪಾಸ್‌ಪೋರ್ಟ್ ಕಚೇರಿಗೆ ಕರೆದುಕೊಂಡು ಹೋದೆ. ಫೋಟೊ ಅಲ್ಲೇ ತೆಗೆಯುತ್ತಾರೆ. ಗೇಟಿನ ಬಳಿ ಅವಳ ಹಣೆ ನೋಡಿ ನನಗೆ ಒಂದು ನಿಯಮ ನೆನಪಾಯಿತು. ಮುಖ ಸ್ಪಷ್ಟವಾಗಿ ಕಾಣಬೇಕು. ಅವಳ ಹಣೆಯಲ್ಲಿ ದಿನನಿತ್ಯದಂತೆ ವಿಭೂತಿಯ ಮೂರು ಪಟ್ಟಿಗಳಿದ್ದವು. ಕರವಸ್ತ್ರ ಕೊಟ್ಟು “ಒರೆಸ್ಕೋ” ಎಂದೆ.

“ಹಣೆ ಮುಖದಲ್ಲೇ ಇದ್ಯಲ್ಲ ಅಣ್ಣ. ಎಲ್ಲಿಗೆ ಹೋಗತ್ತೆ?”

“ನಿಯಮ ಇದೆ.”

ನಿಯಮ ಇದ್ದದ್ದು ಮುಖದ ಮೇಲೆ ಬೀಳುವ ಕೂದಲಿನ ಬಗ್ಗೆ. ವಿಭೂತಿಯ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಖಾಲಿ ಜಾಗವನ್ನು ನಾನು ತುಂಬಿದೆ, ಅಷ್ಟೆ. ಅವಳು ಒರೆಸಿಕೊಂಡು ಒಳಗೆ ಹೋದಳು. ಹೊರಗೆ ಬಂದವಳು ದಾರಿಯುದ್ದಕ್ಕೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡೇ ಇದ್ದಳು.

ಪಾಸ್‌ಪೋರ್ಟ್ ಅಂಚೆಯಲ್ಲಿ ಭದ್ರಾವತಿಗೆ ಬಂತು. ತಂಗಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನಮ್ಮ ಮನೆಗೆ ತಂದಳು. ನಮ್ಮದು ಶಿವಭಕ್ತರ ಮನೆ. ಮನೆಗೆ ಹೊಸದಾಗಿ ಏನೇ ಬಂದರೂ ದೇವರ ಮುಂದಿಟ್ಟು, ನೀರಿನಲ್ಲಿ ಕಲಸಿದ ವಿಭೂತಿ ಹಚ್ಚಿಯೇ ಬಳಸಬೇಕು. ಅಪ್ಪ ಸೈಕಲ್ಲಿಗೆ ಹಚ್ಚಿದ್ದರು, ರೇಡಿಯೊಗೆ ಹಚ್ಚಿದ್ದರು, ನನ್ನ ನೇಮಕಾತಿ ಆದೇಶಕ್ಕೂ ಹಚ್ಚಿದ್ದರು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲೆಯಲ್ಲಿ ಆ ಬೂದಿಯ ಗುರುತು ಇಂದಿಗೂ ಇದೆ. ಅಪ್ಪನ ನಂತರ ಆ ಅಧಿಕಾರ ನನಗೆ ಬಂದಿತ್ತು.

ಪಾಸ್‌ಪೋರ್ಟಿನ ರಟ್ಟಿಗೆ ಹಚ್ಚೋಣವೆಂದರೆ ಅಲ್ಲಿ ರಾಷ್ಟ್ರಲಾಂಛನವಿದೆ. ಅದರ ಮೇಲೆ ಬೂದಿ ಬಳಿಯುವುದು ಮೂವತ್ತು ಚಿಲ್ಲರೆ ವರ್ಷ ಸರ್ಕಾರದ ಅನ್ನ ಉಂಡವನಿಗೆ ಒಪ್ಪುವ ಕೆಲಸವಲ್ಲ. ಗಂಭೀರವಾಗಿ ಆಲೋಚಿಸಿ ಒಳಗಿನ ಪುಟ ತೆರೆದೆ. ತಂಗಿಯ ಫೋಟೊ. ಹಣೆ ಬೋಳಾಗಿತ್ತು. ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ನನಗೇ ಸಂಕಟವಾಯಿತು. ಒಂದು ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ವಿಭೂತಿಯಲ್ಲಿ ಅದ್ದಿ, ಫೋಟೊದ ಆ ಪುಟ್ಟ ಹಣೆಯ ಮೇಲೆ ಮೂರು ಗೆರೆ ಎಳೆದೆ.

“ರೀ, ಅದು ಸರ್ಕಾರದ ಪುಸ್ತಕ. ನೀವೇ ನಿಯಮ ನಿಯಮ ಅಂತೀರಿ” ಎಂದಳು ಹೆಂಡತಿ.

“ಇದಕ್ಕೆ ಯಾವ ದೇಶವೂ ಬೇಡ ಅನ್ನಲ್ಲ” ಎಂದೆ.

ತಂಗಿ ಬಗ್ಗಿ ನೋಡಿ ನಕ್ಕಳು. “ಈಗ ನಾನು ನನ್ನ ಥರ ಕಾಣ್ತೀನಿ ನೋಡು.”

ಒದ್ದೆಯಿರುವಾಗಲೇ ಪುಸ್ತಕ ಮುಚ್ಚಿ ದೇವರ ಮುಂದಿಟ್ಟೆವು. ತಂಗಿ ಅದನ್ನು ಅಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಭದ್ರಾವತಿಗೆ ಮರಳಿದಳು. ಮರುದಿನ ತೆರೆದರೆ ಬೂದಿ ಪುಟದ ತುಂಬ ಹರಡಿ ಒಣಗಿ ಕೂತಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಹೋಗಲಿಲ್ಲ. ಇನ್ನೂ ಗಟ್ಟಿಯಾಗಿ ಉಜ್ಜಿದೆ. ಬೂದಿ ಹಾಕಿ ಹಿತ್ತಾಳೆ ಚೊಂಬು ತಿಕ್ಕುವುದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದವನಿಗೆ, ಬೂದಿ ಏನನ್ನು ಏನು ಮಾಡುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಬಿಳಿ ಹೋಯಿತು, ಜೊತೆಗೆ ಮೇಲಿನ ಪ್ಲಾಸ್ಟಿಕ್ ಪದರದ ಹೊಳಪೂ ಹೋಯಿತು. ತಂಗಿಯ ಮುಖ ಮಂಜಿನಾಚೆ ನಿಂತಂತಾಯಿತು. ಕೆಳಗಿನ ಅಕ್ಷರಗಳ ಸಾಲು ಮಂಕಾಯಿತು. ಒಂದು ಮೂಲೆಯಲ್ಲಿ ಪದರ ಎದ್ದು ನಿಂತಿತು. ಅದನ್ನು ಉಗುರಿನಿಂದ ಒತ್ತಿ ಕೂರಿಸಿ, ಪುಸ್ತಕದ ಮೇಲೆ ಕಲ್ಲುಗುಂಡು ಹೇರಿಟ್ಟು, “ಓದಲು ಬರುತ್ತದೆ” ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟೆ.

ಆ ದಿನ ಸಂಜೆ ನಿಯಮಗಳನ್ನು ಮತ್ತೆ ಓದಿದೆ. ಕೊನೆಯಲ್ಲಿತ್ತು: ಹಾಳಾದ ಪಾಸ್‌ಪೋರ್ಟಿಗೆ ಪ್ರವೇಶವಿಲ್ಲ. ಎಲ್ಲವನ್ನೂ ಗಟ್ಟಿಯಾಗಿ ಓದುವವನು ಇದೊಂದನ್ನು ಮನಸ್ಸಿನಲ್ಲೇ ಓದಿಕೊಂಡೆ.

ಶ್ರೀಲಂಕಾದ ಅನುಮತಿ ಮಾತ್ರ ಈಮೇಲಿನಲ್ಲಿ ಸಲೀಸಾಗಿ ಬಂತು. ಅಲ್ಲಿನ ಕಂಪ್ಯೂಟರ್ ಕೇಳಿದ್ದು ನಂಬರನ್ನೇ ಹೊರತು ಪುಟದ ಸ್ಥಿತಿಯನ್ನಲ್ಲ. ಇದನ್ನೇ ವಿಜಯವೆಂದು ಬೀದಿಗೆಲ್ಲ ಸಾರಿದೆ. ಪಾಸ್‌ಪೋರ್ಟನ್ನು ‘ಸುರಕ್ಷತೆಯ ದೃಷ್ಟಿಯಿಂದ’ ನನ್ನ ಬಳಿಯೇ ಇಟ್ಟುಕೊಂಡೆ. “ಒಂದ್ಸಲ ಅವಳಿಗೆ ತೋರಿಸಿ. ಇನ್ನೂ ಟೈಮ್ ಇದೆ, ಬೇರೆ ಮಾಡಿಸಬಹುದೇನೋ” ಎಂದಳು ಹೆಂಡತಿ. “ಸುಮ್ಮನೆ ಯಾಕೆ ಗಾಬರಿ” ಎಂದೆ. ಟೈಮ್ ಇತ್ತು. ಅದು ನಿಜ.

ಜೊತೆಗೆ ನಾನೂ ಹೊರಟಿದ್ದೆ. ವಿದೇಶಕ್ಕೆ ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸುವುದುಂಟೆ? ನನ್ನ ಪಾಸ್‌ಪೋರ್ಟ್ ನಿವೃತ್ತಿಯ ಹುರುಪಿನಲ್ಲಿ ಮಾಡಿಸಿ ಎಲ್ಲಿಗೂ ಹೋಗದೆ ಉಳಿದದ್ದು. ಅದು ಬಂದ ದಿನ ನಾನು ಊರಲ್ಲಿರಲಿಲ್ಲ. ಹೆಂಡತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಹಾಗಾಗಿ ಅದಕ್ಕೆ ನನ್ನ ಆಶೀರ್ವಾದ ತಗುಲಿರಲಿಲ್ಲ.

ಬಾಡಿಗೆ ಕಾರಿನಲ್ಲಿ ಶಿವಮೊಗ್ಗದಿಂದ ಹೊರಟು, ಭದ್ರಾವತಿಯಲ್ಲಿ ತಂಗಿಯನ್ನು ಹತ್ತಿಸಿಕೊಂಡು ಬೆಂಗಳೂರು ವಿಮಾನ ನಿಲ್ದಾಣ ತಲುಪಿದೆವು. ಕಳಿಸಲು ಬಂದಿದ್ದ ಹೆಂಡತಿ ಹೊರಗೇ ಉಳಿದಳು. ತಂಗಿ ಗೆಳತಿಗಾಗಿ ಒಂದು ರೇಷ್ಮೆ ಸೀರೆ, ಒಂದು ಡಬ್ಬಿ ಮಾವಿನ ಮಿಡಿ ಉಪ್ಪಿನಕಾಯಿ ತಂದಿದ್ದಳು. ಉಪ್ಪಿನಕಾಯಿ ಕೈಚೀಲದಲ್ಲಿ ಹೋಗಕೂಡದು, ದೊಡ್ಡ ಸೂಟ್‌ಕೇಸಿನಲ್ಲೇ ಹೋಗಬೇಕು ಎಂದು ನಾನು ಅಪ್ಪಣೆ ಕೊಡಿಸಿದ್ದೆ. ಆ ಮಟ್ಟಿಗೆ ನನ್ನ ಜ್ಞಾನ ಸರಿಯಿತ್ತು.

ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟಳು. ಅದು ಕೀ ಎಂದಿತು. ತಂಗಿಯದನ್ನು ಇಟ್ಟಳು. ಸುಮ್ಮನಿತ್ತು. ತಿರುಗಿಸಿಟ್ಟಳು, ಒರೆಸಿಟ್ಟಳು. ಆಮೇಲೆ ಪುಟವನ್ನು ಬೆಳಕಿಗೆ ಹಿಡಿದು, ತಂಗಿಯ ಮುಖ ನೋಡಿ, ಒಳಗಿನಿಂದ ಒಬ್ಬ ಹಿರಿಯ ನೌಕರನನ್ನು ಕರೆದಳು. ಅವನು ಎದ್ದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಇದನ್ನ ಹಿಡ್ಕೊಂಡು ಹೋದ್ರೆ ಅಲ್ಲಿ ಇಳಿಸ್ಕೊಳ್ಳಲ್ಲ ಅಮ್ಮ. ಮುಂದಿನ ಫ್ಲೈಟ್‌ನಲ್ಲೇ ವಾಪಸ್ ಕಳಿಸ್ತಾರೆ. ನಾವು ಹತ್ತಿಸೋ ಹಾಗಿಲ್ಲ. ಯಾರು ಉಜ್ಜಿದ್ದು ಇದನ್ನ?”

ನಾನು ಗಂಟಲು ಸರಿಮಾಡಿಕೊಂಡೆ. ಕಚೇರಿಯಲ್ಲಿ ವಿವರಣೆ ಕೊಡುವ ಮುನ್ನ ಮಾಡುತ್ತಿದ್ದಂತೆಯೇ.

“ನಾನೇ ಸಾರ್” ಎಂದಳು ತಂಗಿ. “ಪೂಜೆ ಮಾಡಿ ವಿಭೂತಿ ಹಚ್ಚಿದ್ದೆ. ಗೊತ್ತಾಗ್ಲಿಲ್ಲ.”

ಆ ಪುಟವನ್ನು ಉಜ್ಜಿದ ಮೇಲೆ ಅವಳು ನೋಡುತ್ತಿದ್ದದ್ದು ಅದೇ ಮೊದಲು. ನೋಡಿದ ಕೂಡಲೇ ಎಲ್ಲವೂ ಅರ್ಥವಾಗಿತ್ತು. ಆ ಮನುಷ್ಯ ಕನಿಕರದಿಂದ ತಲೆಯಾಡಿಸಿ ನನ್ನ ಕಡೆ ತಿರುಗಿದ. ನನ್ನ ಇಸ್ತ್ರಿ ಅಂಗಿ, ಜೇಬಿನ ಪೆನ್ನು ನೋಡಿದ. “ಪಾಪ, ಅವರಿಗೆ ಗೊತ್ತಾಗಿಲ್ಲ. ನೀವಾದ್ರೂ ಹೇಳ್ಬಾರ್ದಿತ್ತಾ ಸಾರ್?”

“ಹೌದು. ಹೇಳ್ಬೇಕಿತ್ತು” ಎಂದೆ ನಾನು.

ಇಷ್ಟು ಮಾತು ನನ್ನ ಬಾಯಿಂದ ಬಂತು. ಸುಮ್ಮನಿದ್ದಿದ್ದರೂ ಒಂದು ಮಾತಾಗುತ್ತಿತ್ತು. ನಾನು ಒಪ್ಪಿಗೆ ಸೂಚಿಸಿದೆ. ತಿಳಿಯದ ಹೆಂಗಸಿನ ತಿಳಿದ ಅಣ್ಣನಾಗಿ ಆ ಮನುಷ್ಯನ ಜೊತೆ ಸೇರಿ ತಲೆಯಾಡಿಸಿದೆ.

ತಂಗಿ ನನ್ನ ಮುಖ ನೋಡಲಿಲ್ಲ. ತನ್ನ ಕೈಚೀಲ ಮಾತ್ರ ತೆಗೆದಿಟ್ಟುಕೊಂಡು, “ನೀನು ಹೋಗು. ಸೀರೆ, ಉಪ್ಪಿನಕಾಯಿ ಅವಳಿಗೆ ಮುಟ್ಟಲಿ. ನಾನು ಅತ್ತಿಗೆ ಜೊತೆ ಕಾರಲ್ಲಿ ಹೋಗ್ತೀನಿ” ಎಂದಳು. ನಾನು ಬೇಡವೆಂದೆ. ಗಟ್ಟಿಯಾಗಿ ಅನ್ನಲಿಲ್ಲ. ಅವಳು ಹೊರಬಾಗಿಲಿನತ್ತ ನಡೆದಳು. ಹೊಸ ಚಪ್ಪಲಿ ಕಚ್ಚುತ್ತಿತ್ತೇನೋ, ಒಂದು ಕಾಲನ್ನು ನಿಧಾನವಾಗಿ ಊರುತ್ತಿದ್ದಳು.

ಕೊಲಂಬೊದಲ್ಲಿ ಅಧಿಕಾರಿ ನನ್ನ ಕಾಗದಗಳನ್ನು ನೋಡಿದ. ಆರು ತಿಂಗಳು ಇತ್ತು, ಅನುಮತಿ ಇತ್ತು, ವಾಪಸ್ ಟಿಕೆಟ್ ಇತ್ತು, ವಿಳಾಸ ಇತ್ತು. ಯಾರ ಮನೆಗೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ತಂಗಿಯ ಗೆಳತಿಯ ಮನೆಗೆ ಎಂದೆ. ತಂಗಿ ಹಿಂದೆ ಬರುತ್ತಿದ್ದಾಳೆಯೆ ಎಂದು ನನ್ನ ಹೆಗಲ ಮೇಲಿಂದ ಇಣುಕಿದ. ಇಲ್ಲ ಎಂದೆ. ಠಸ್ಸೆ ಒತ್ತಿ ನಕ್ಕ. ಆ ದೇಶದ ದೃಷ್ಟಿಯಲ್ಲಿ ನನ್ನಲ್ಲಿ ಯಾವ ದೋಷವೂ ಇರಲಿಲ್ಲ. ಉಪ್ಪಿನಕಾಯಿಯನ್ನೂ ಯಾರೂ ತಡೆಯಲಿಲ್ಲ.

ಗೆಳತಿ ಕೋಲೂರಿಕೊಂಡು ಬಾಗಿಲಿಗೆ ಬಂದಳು. “ವಾಂಗ ಅಣ್ಣಾ, ಬನ್ನಿ” ಎಂದಳಾದರೂ ಕಣ್ಣು ನನ್ನ ಬೆನ್ನ ಹಿಂದೆ ಇತ್ತು. ತಂಗಿ ಆಗಲೇ ಫೋನ್ ಮಾಡಿದ್ದಳು. “ಅವಳು ಮೊದ್ಲಿಂದಾನೂ ಹಾಗೇ ಅಣ್ಣಾ. ಕೈ ಒಂದ್ಕಡೆ ಇರಲ್ಲ. ನೀವು ಅಷ್ಟೆಲ್ಲ ಕಷ್ಟಪಟ್ಟು ಮಾಡಿಸ್ಕೊಟ್ರೆ ಉಜ್ಜಿ ಕೂತಿದಾಳಂತೆ, ಲೂಸು” ಎಂದು ಬೈಯುತ್ತ, ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಕೋಣೆಯಲ್ಲಿ ಅವಳ ಮಂಚದ ಪಕ್ಕ ಇನ್ನೊಂದು ಹಾಸಿಗೆ ಹಾಸಿಟ್ಟಿತ್ತು.

ಮರುದಿನ ತಾಳಿ ಕಟ್ಟುವಾಗ ಯಾರೋ ನಾದಿನಿ ಜಡೆ ಎತ್ತಿ ಹಿಡಿದರು. ಗೆಳತಿ ಒಂದು ಸಲ ತಿರುಗಿ ನೋಡಿದಳು, ಮತ್ತೆ ಮುಂದೆ ನೋಡಿದಳು. ನಾನು ಅಕ್ಷತೆ ಹಾಕಿದೆ. ಊಟಕ್ಕೆ ಕೂತಾಗ ಅವಳು ನನ್ನ ಎಲೆಗೆ ಆ ಮಿಡಿಯನ್ನೇ ಹಾಕಿಸಿದಳು. ಅದನ್ನು ನೋಡುತ್ತ ಹೇಳಿದೆ: “ಉಜ್ಜಿದ್ದು ಅವಳಲ್ಲ. ನಾನು.”

ಅವಳು ಕೋಲಿನ ಮೇಲೆ ಭಾರ ಹಾಕಿ ನನ್ನತ್ತ ಬಗ್ಗಿದಳು. “ಅಲ್ಲಿ ಕೌಂಟರ್‌ನಲ್ಲಿ ಹೇಳಿದ್ರಾ ಅಣ್ಣಾ?”

“ಇಲ್ಲ.”

“ಅವಳ ಹತ್ರ?”

“ಅವಳಿಗೆ ಗೊತ್ತು.”

“ಗೊತ್ತಿರೋದು ಬೇರೆ” ಎಂದಳು. ಆಮೇಲೆ ಬಡಿಸುವವರನ್ನು ಕರೆದು, “ಅಣ್ಣನಿಗೆ ಪಾಯಸ ಹಾಕಿ” ಎಂದಳು. ಆ ಪಾಯಸವನ್ನು ನಾನು ಉಂಡೆ.

ಊರಿಗೆ ಬಂದ ಮೇಲೆ ಭದ್ರಾವತಿಗೆ ಹೋಗುವುದನ್ನು ವಾರದಿಂದ ವಾರಕ್ಕೆ ಮುಂದೂಡಿದೆ. ಕಡತ ಮುಂದೂಡುವ ಕಲೆ ನನಗೆ ಹೊಸದಲ್ಲ. ಕಡೆಗೆ ಹೆಂಡತಿಯೇ ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿದಳು. ನ್ಯೂ ಟೌನಿನ ಮನೆಯಲ್ಲಿ ತಂಗಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ಅವತ್ತು ಕೌಂಟರ್‌ನಲ್ಲಿ… ಮಾಡಿದ್ದು ನಾನು ಅಂತ ಹೇಳ್ಬೇಕಿತ್ತು.”

“ಹೇಳಿದ್ರೆ ಹತ್ತಿಸ್ತಿದ್ರಾ?”

“ಇಲ್ಲ.”

“ಮತ್ತೆ?” ರೊಟ್ಟಿ ಮಗುಚಿದಳು. ಇನ್ನೊಂದು ಬದಿಯೂ ಬೇಯುವವರೆಗೆ ಕಾದಳು. “ಆದ್ರೂ ಹೇಳ್ಬೇಕಿತ್ತು ಅಣ್ಣ.”

ಒಲೆ ಸಣ್ಣ ಮಾಡಿ ಕೋಣೆಗೆ ಹೋಗಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹೊಸ ಪಾಸ್‌ಪೋರ್ಟ್. ಪಕ್ಕದ ಮನೆಯವಳ ಜೊತೆ ಹೋಗಿ ಮಾಡಿಸಿಕೊಂಡಿದ್ದಳಂತೆ. ನನಗೆ ತಿಳಿಸಿರಲಿಲ್ಲ.

“ಜಡೆ ಹಿಡಿಯೋದು ಮುಗೀತು. ಇನ್ನು ಅವಳ ಮೊಣಕಾಲಾದ್ರೂ ನೋಡ್ಕೊಂಡು ಬರ್ತೀನಿ. ಒಬ್ಳೇ ಹೋಗ್ತೀನಿ.” ಪುಟ ತೆರೆದು ಅಷ್ಟು ದೂರದಿಂದ ತೋರಿಸಿದಳು. ಫೋಟೊದಲ್ಲಿ ಅವಳ ಹಣೆಯ ಮೇಲೆ ವಿಭೂತಿಯ ಮೂರು ಪಟ್ಟಿಗಳು ಬೆಳ್ಳಗೆ, ನೇರವಾಗಿ, ಸರ್ಕಾರದಿಂದಲೇ ಅಚ್ಚಾಗಿ ಬಂದಿದ್ದವು.

“ಅಲ್ಲಿ ಯಾರೂ ಏನೂ ಅನ್ಲಿಲ್ವಾ?”

“ಗಲ್ಲ ಸ್ವಲ್ಪ ಮೇಲೆತ್ತಿ ಅಮ್ಮ, ಅಂದ್ರು. ಅಷ್ಟೆ.”

ನೋಡೋಣವೆಂದು ಕೈ ಚಾಚಿದೆ. ಅವಳು ಪುಸ್ತಕ ಮುಚ್ಚಿ ಕವರಿಗೆ ಹಾಕಿ ಒಳಗೆ ಹೋದಳು. ಬೀರುವಿನ ಬೀಗ ತಿರುಗಿದ ಸದ್ದು ಕೇಳಿಸಿತು.

“ಕೈ ತೊಳ್ಕೊಂಡು ಬಾ” ಎಂದಳು ಅಲ್ಲಿಂದಲೇ. “ರೊಟ್ಟಿ ಆರತ್ತೆ.”